ಎರಡನೇ ಪಾಳಿ

ಹುಲ್ಲುಗಾವಲಿನ ಬಗ್ಗೆ ಏನು ಕೇಳಿದರೂ ಸೊಸೆಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಕೊನೆಗೆ ಅದೇ ಅವಳಿಗೆ ಮುಳುವಾಯಿತು.

ಅವಳು ಮದುವೆಯಾಗಿ ಬಂದಾಗ ಆ ಮನೆಯಲ್ಲಿದ್ದದ್ದು ಎರಡು ಬಡಕಲು ಹಸು. ಕೊಟ್ಟಿಗೆ ತುಂಬುವಷ್ಟು ಬೆಳೆಸಿದವಳು ಅವಳೇ. ತಾಯಿ ಸತ್ತ ಕರುವೊಂದನ್ನು ಬಾಟಲಿ ಹಾಲು ಕುಡಿಸಿ ಉಳಿಸಿದ್ದಳು. ಅದೀಗ ಹಿಂಡಿಗೇ ಯಜಮಾನಿ, ಹೆಸರು ಮೊಂಡಿ. 'ಥೇಟ್ ನಿನ್ನ ತವರಿನ ಕಡೆಯದ್ದು, ಹಟ ನೋಡು' ಎಂದು ಅತ್ತೆ ಚುಚ್ಚುತ್ತಿದ್ದಳು. ಗಂಡ ಗಿರಣಿಗೆ ಹೋಗುವವನು, ಹಸುಗಳ ವಿಷಯದಲ್ಲಿ ಹೆಂಡತಿಯ ಮಾತೇ ಕೊನೆ.

ಗಾವಲಿನಾಚೆ ಕಾಡು. ಅಲ್ಲಿಯ ಜಿಂಕೆಗಳಿಗೆ ಬಲು ಸಂಕೋಚ. ಹಸುಗಳು ಮೇಯುವಷ್ಟು ಹೊತ್ತೂ ಮರಗಳ ಅಂಚಿನಲ್ಲಿ ನಿಂತು ಕಿವಿ ಆಡಿಸುತ್ತಿದ್ದವು. ಮೊಂಡಿ ತಲೆಯೆತ್ತಿದರೆ ಸಾಕು, ಮುಂದಿಡಲು ಎತ್ತಿದ ಕಾಲನ್ನೂ ಅಲ್ಲೇ ಹಿಡಿದು ನಿಲ್ಲುತ್ತಿದ್ದವು. ಸಂಜೆ ಹಸುಗಳು ಕೊಟ್ಟಿಗೆ ಸೇರಿದ ಮೇಲೆ ಒಂದೊಂದಾಗಿ ಇಳಿದು, ಮಿಕ್ಕ ಹುಲ್ಲು ಕಚ್ಚಿ, ಹಸುಗಳಿಗೆಂದು ಗೂಟಕ್ಕೆ ಕಟ್ಟಿದ ಉಪ್ಪಿನ ಇಟ್ಟಿಗೆಯನ್ನು ನೆಕ್ಕುತ್ತಿದ್ದವು. ಬೆಳಿಗ್ಗೆ ಹಸುಗಳು ಬರುವ ಹೊತ್ತಿಗೆ ಮಾಯ. 'ಎರಡನೇ ಪಾಳಿಯವರು ಬಂದ್ರು ನೋಡು' ಎಂದು ಗಂಡ ಗಿರಣಿಯ ಮಾತಿನಲ್ಲಿ ತಮಾಷೆ ಮಾಡುತ್ತಿದ್ದ.

ಪಕ್ಕದವರ ಹಿಂಡಿಗೆ ಕ್ಷಯ ತಗುಲಿದಾಗ ದನದ ಡಾಕ್ಟರು ಇವರಲ್ಲಿಗೂ ಬಂದರು. ಕಾಡಿನ ಜಿಂಕೆಗಳಲ್ಲೂ ಆ ರೋಗವಿದೆ ಎಂದರು.

"ನಿಮ್ಮ ಹಸು, ಜಿಂಕೆ ಒಟ್ಟಿಗೆ ಮೇಯ್ತಾವೇನಮ್ಮ? ಹಾಗಿದ್ರೆ ಎತ್ತರದ ಬೇಲಿ ಹಾಕಿಸ್ಬೇಕು."

"ಒಟ್ಟಿಗಾ? ಅವು ಹಸು ನೆರಳು ಕಂಡ್ರೂ ಓಡ್ತಾವೆ ಡಾಕ್ಟ್ರೇ. ಒಂದು ದಿನಾನೂ ಒಟ್ಟಿಗೆ ನಿಂತಿದ್ದು ನಾನು ಕಂಡಿಲ್ಲ."

ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಡಾಕ್ಟರು ತಲೆಯಾಡಿಸಿ ಹೊರಟರು. ಬೇಲಿಗೆ ತಂತಿ ತರಲು ಹೊರಟಿದ್ದ ಗಂಡನೂ ಕೈಬಿಟ್ಟ. ಡಾಕ್ಟರು ಇನ್ನೊಂದು ಮಾತು ಕೇಳಬೇಕಿತ್ತು, ಇವಳು ಇನ್ನೊಂದು ಮಾತು ಹೇಳಬೇಕಿತ್ತು. ಇಬ್ಬರಿಗೂ ತೋಚಲಿಲ್ಲ.

ಮರುವರ್ಷ ಮೊಂಡಿ ಕೆಮ್ಮತೊಡಗಿತು. ಡಾಕ್ಟರು ಬಂದು ಎಲ್ಲ ಹಸುಗಳ ಕುತ್ತಿಗೆಗೂ ಪರೀಕ್ಷೆಯ ಸೂಜಿ ಚುಚ್ಚಿದರು. ಚುಚ್ಚಿದ ಜಾಗ ಊದಿದರೆ ಆ ಹಸುವನ್ನು ಇಟ್ಟುಕೊಳ್ಳುವಂತಿಲ್ಲ, ಕೊಲ್ಲಲೇಬೇಕು. ಕೆಲವು ದಿನ ಬಿಟ್ಟು ಅವರು ಮತ್ತೆ ಬಂದು ಸವರಿ ನೋಡುವಾಗ ಅವಳೂ ಹಿಂದೆಯೇ ಕೈಯಿಟ್ಟು ನೋಡುತ್ತ ಹೋದಳು. ಗಂಟು ಕಟ್ಟದ ಕುತ್ತಿಗೆ ಸಾಲಿನ ಕೊನೆಯವರೆಗೂ ಸಿಗಲಿಲ್ಲ.

"ಒಟ್ಟಿಗೆ ಮೇಯಲ್ಲ ಅಂದಿದ್ರಲ್ಲಮ್ಮ."

"ಈಗ್ಲೂ ಅದೇ ಹೇಳ್ತೀನಿ. ಹಸು ಒಳಗೆ ಹೋದ್ಮೇಲೇ ಅವು ಬರೋದು. ಉಪ್ಪು ನೆಕ್ಕಿ ಹೋಗ್ತಾವೆ, ಅಷ್ಟೇ."

"ಯಾವ ಉಪ್ಪು?"

"ಹಸುಗಳದ್ದೇ."

ಡಾಕ್ಟರು ಗಾವಲಿನ ಗೂಟದ ಕಡೆ ತಿರುಗಿದರು. ಸ್ವಂತ ಮಗ ಕುಡಿದ ಲೋಟವನ್ನೂ ತೊಳೆಯದೆ ಬಾಯಿಗಿಡದ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಎಂಜಲು ಕಣೇ" ಎಂದಳು ಮೆಲ್ಲಗೆ. "ಇಷ್ಟು ದಿನ ಒಂದರ ಎಂಜಲು ಇನ್ನೊಂದು ತಿಂದಿವೆ."

ಸೊಸೆ ಗೋಡೆ ಹಿಡಿದು ಕೂತಳು. "ದಿನಾ ನೋಡ್ತಿದ್ದೆನಲ್ಲ ಅತ್ತೆ" ಎಂದಳು. "ಕಣ್ಣಾರೆ ನೋಡ್ತಿದ್ದೆ."

ಲಾರಿ ಬಂದ ದಿನ ಹಸುಗಳು ಹತ್ತಲು ಒಪ್ಪಲಿಲ್ಲ. ಮೊಂಡಿ ಹತ್ತಿದರೆ ಉಳಿದವು ಹಿಂದೆ ಬರುತ್ತವೆಂದು ಎಲ್ಲರಿಗೂ ಗೊತ್ತಿತ್ತು. ಮೊಂಡಿ ಯಾರ ಮಾತು ಕೇಳುತ್ತದೆ ಎಂಬುದೂ ಗೊತ್ತಿತ್ತು. ಗಂಡ ಹೆಂಡತಿಯ ಮುಖ ನೋಡಲಾರದೆ ಆಚೆ ತಿರುಗಿದ. ಅವಳೇ ಹಲಗೆ ಏರಿ ನಾಲಿಗೆ ಲೊಚಗುಟ್ಟಿ ಕರೆದಳು. ಮೊಂಡಿ ಅವತ್ತು ಹಟ ಮಾಡಲಿಲ್ಲ, ಬಂದುಬಿಟ್ಟಿತು.

ಮರುದಿನ ಮಟಮಟ ಮಧ್ಯಾಹ್ನವೇ ಜಿಂಕೆಗಳು ಇಳಿದವು. ಗಾವಲಿನ ನಟ್ಟನಡುವೆ, ಮರಿಗಳ ಸಮೇತ, ತಲೆ ಕೂಡ ಎತ್ತದೆ ಮೇಯತೊಡಗಿದವು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಕೋಲು ತಂದು ಸೊಸೆಯ ಕೈಗಿಟ್ಟಳು.

"ಹೋಗಿ ಓಡಿಸಿ ಬಾರೇ."

ಸೊಸೆ ಎದ್ದಳು, ಎರಡು ಹೆಜ್ಜೆ ಹೋದಳು, ನಿಂತಳು.

"ಯಾರಿಗೋಸ್ಕರ ಓಡಿಸ್ಲಿ ಅತ್ತೆ?"