ಟಿಕಳಿ ಹಚ್ಚಿದ ನಕ್ಷೆ

"ನನ್ನ ಅಂಗಡಿ ಮುಂದ ಇಷ್ಟ್ಯಾಕ ಟಿಕಳಿ ಹಚ್ಚೀರಿ?"

ದತ್ತಪ್ಪ ಕೇಳಿದ್ದೇ ತಡ, ನಕ್ಷೆಯ ಸುತ್ತ ಕೂತಿದ್ದ ಹೆಂಗಸರೆಲ್ಲ ಅವನತ್ತ ತಿರುಗಿದರು. ನಕ್ಷೆ ಮಾಡಿದ ಹುಡುಗಿಯರಲ್ಲೊಬ್ಬಳಾದ ಸಂಘಮಿತ್ರಾ ಅದರ ಅಂಚು ಹಿಡಿದುಕೊಂಡಳು. ಕಮಲಾಪುರದ ಆ ಓಣಿಯಿಂದ ಕಲಬುರಗಿಯ ಕಾಲೇಜಿಗೆ ಹೋಗುವ ಹುಡುಗಿಯರು ತಾವೇ ಮನೆಮನೆಗೆ ಹೋಗಿ ಕೇಳಿ, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಎಲ್ಲೆಲ್ಲಿ ಹೆದರಿಕೆಯಾಗುತ್ತದೋ ಅಲ್ಲೆಲ್ಲ ಹಣೆಗಿಡುವ ಕೆಂಪು ಟಿಕಳಿ ಹಚ್ಚಿದ್ದರು. ಇವತ್ತು ಅದನ್ನು ಕಲಬುರಗಿಯ ಶಹಾಬಜಾರದ ಸಭೆಯಲ್ಲಿ ಅಧಿಕಾರಿಗಳ ಮುಂದೆ ಇಡಬೇಕು. ಆದರೆ ಓಣಿಯವರೆಲ್ಲ ನೋಡಿ ಹೂಂ ಎನ್ನದೆ ಊರಾಚೆ ಒಯ್ಯಬಾರದೆಂಬುದು ಅವರೇ ಮಾಡಿಕೊಂಡ ಕಟ್ಟಳೆ.

ದತ್ತಪ್ಪ ಅವಳ ಸೋದರಮಾವ. ಹತ್ತನೆಯದಕ್ಕೇ ಓದು ಸಾಕೆಂದಿದ್ದ ಅಪ್ಪನನ್ನು ಒಪ್ಪಿಸಿ ಅವಳನ್ನು ಕಾಲೇಜಿಗೆ ಕಳಿಸಿದವನು. ಅವನು ಮುನಿದರೆ ನಾಳೆಯಿಂದ ಕಾಲೇಜಿಲ್ಲ.

"ನಿಂದೇನಿಲ್ಲ ಮಾಮಾ. ಬೆಂಚಿನ ಮ್ಯಾಲ ಕೂಡೋರು..."

"ಚಾ ಕುಡಿಯೋರ ಬಾಯಿಗೆ ಬೀಗ ಹಾಕಲೇನು? ನಿನ್ನ ಸಲುವಾಗಿ ನಿಮ್ಮಪ್ಪನ ಕೂಡ ಜಗಳಾಡೀನಿ. ಅದಕ್ಕ ಇದು ಇನಾಮೇನು? ತಗಿ ಅವು!"

ಸಂಘಮಿತ್ರಾಳ ಉಗುರು ಒಂದು ಟಿಕಳಿಯ ಅಂಚಿಗೆ ಹೋಯಿತು. ಗೆಳತಿ ಸನೋಬರ್ ಅವಳ ಕೈ ಹಿಡಿದಳು. "ಅರೇ, ಅದು ನಂದು. ನಂದು ತಗಿಯಾಕ ನೀ ಯಾರು?"

ಅಷ್ಟರಲ್ಲಿ ದತ್ತಪ್ಪನ ಹೆಂಡತಿ ಸಾವಿತ್ರಿಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. "ಬರೀ ಹುಡಿಗೇರನ್ನ ಕೇಳೀರಿ. ನಮ್ಮನ್ನ ಯಾರು ಕೇಳ್ಯಾರ? ಒಂದು ಕೊಡು."

ಹುಡುಗಿಯರು ಮುಖ ಮುಖ ನೋಡಿಕೊಂಡರು. ಮದುವೆಯಾದವರನ್ನು ಕೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಸಾವಿತ್ರಿಬಾಯಿ ಅಂಗಡಿಯ ಬಾಗಿಲಿಗೇ ಟಿಕಳಿ ಒತ್ತಿದಳು.

"ನಮ್ಮ ಅಂಗಡಿಗೆ ನಾ ಹಿತ್ತಲ ಕಡಿಂದ ಯಾಕ ಬರ್ತೀನಿ, ಎಂದಾರ ಕೇಳೀರೇನ್ರಿ?" ಗಂಡನತ್ತ ನೋಡದೆ ಹೇಳಿದಳು.

"ನೀರಿನ ಟಾಕಿ ಹಿಂದ ಅದ, ಅದಕ್ಕ..." ಎನ್ನುತ್ತಿದ್ದ ದತ್ತಪ್ಪನ ಕಣ್ಣು ನಕ್ಷೆಯಲ್ಲಿ ಬೆಂಚಿನ ಮುಂದಿದ್ದ ಟಿಕಳಿಗಳ ಮೇಲೆ ಬಿತ್ತು.

"ನನಗೂ ಒಂದು ಕೊಡ್ರೆವ್ವಾ," ಹಿಂದಿನಿಂದ ಒಬ್ಬ ಮುದುಕಿ ಕೈ ಚಾಚಿದಳು. "ಮುದುಕಿ ಅಂತ ನನ್ನೇನು ಬಿಟ್ಟಾರಾ ಆ ಖೋಡಿಗಳು!"

ಹೆಂಗಸರು ನಕ್ಕರು. ದತ್ತಪ್ಪ ನಗಲಿಲ್ಲ.

"ಮಾಮಾ, ನೀ ಏನಂತಿ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ.

ಒಯ್ಯಬೇಕೋ ಬೇಡವೋ ಎಂದು ತೀರ್ಮಾನವಾಗದೆಯೇ, ಹೂಂ ಸಿಗದ ನಕ್ಷೆಯನ್ನು ಸುತ್ತಿಕೊಂಡು ಹುಡುಗಿಯರು ಸ್ಟ್ಯಾಂಡಿಗೆ ಬಂದರು. ಬಸ್ಸು ತುಂಬಿತ್ತು. ಅದರ ಬಾಗಿಲ ಬಳಿ ದತ್ತಪ್ಪ ನಿಂತಿದ್ದ.

"ಕೊಡು ಇಲ್ಲಿ."

ಹರಿದುಹಾಕುತ್ತಾನೆಂದುಕೊಂಡೇ ಸಂಘಮಿತ್ರಾ ಕೊಟ್ಟಳು. ಬೇರೆ ದಾರಿ ಕಾಣಲಿಲ್ಲ. ಅವನು ಬಸ್ಸು ಹತ್ತಿದ.

ನೂಕುನುಗ್ಗಲಿನಲ್ಲಿ ಯಾರೋ ಅಂದರು, "ಕಾಕಾ, ಕೆಳಗ ಇಡ್ರಿ ಅದನ್ನ."

"ಬ್ಯಾಡಪಾ, ಮಡಚ್ತದ."

ಕಲಬುರಗಿಯಲ್ಲಿ ಇಳಿದಾಗಲೂ ಅವನು ಹಿಂದೆ ತಿರುಗಿ ನೋಡಲಿಲ್ಲ. ಶಹಾಬಜಾರದ ಗದ್ದಲದಲ್ಲಿ ಜನರ ತಲೆಗಳ ಮೇಲೆ, ಎತ್ತಿ ಹಿಡಿದ ಬಿಳಿ ಸುರುಳಿಯೊಂದು ಹುಡುಗಿಯರ ಮುಂದೆ ಮುಂದೆ ಹೋಗುತ್ತಿತ್ತು.