ಹೋಲಿಕೆಯ ರಕ್ತ

"ಹೋದ ಸಲ ಎಲ್ಲಾ ಸರಿಯಿದೆ ಅಂತ ಬರ್ಕೊಟ್ಟಿದ್ದು ನೀವೇ ಅಲ್ವಾ? ಅಂದ್ಮೇಲೆ ಇವಳದ್ದು ಬರೀ ಮೈಗಳ್ಳತನ," ಎಂದಳು ತಾಯಿ, ಲ್ಯಾಬಿನವಳಿಗೆ. ಹನ್ನೊಂದು ವರ್ಷದ ಮಗಳು ತೋಳು ಚಾಚಿ ಕೂತಿದ್ದಳು. ನಾಲ್ಕು ಹೆಜ್ಜೆಗೇ ಸುಸ್ತೆಂದು ಕೂರುವ ಅವಳನ್ನು ವೈದ್ಯರು ಇನ್ನೊಮ್ಮೆ ಪರೀಕ್ಷಿಸಲು ಕಳಿಸಿದ್ದರು.

ಲ್ಯಾಬಿನವರೆಲ್ಲ ಅಕ್ಕ ಎಂದು ಕರೆಯುವ ಆ ಹೆಂಗಸು ರಕ್ತ ತೆಗೆದುಕೊಂಡು ಒಳಗೆ ಹೋದಳು. ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳುತ್ತವೆ. ಎಷ್ಟು ಬೇಗ ಬಳಸುತ್ತವೆ ಎಂಬುದನ್ನು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಗೆರೆ ಕಡಿದಾಗಿ ಇಳಿದರೆ ಕೋಶ ಗಟ್ಟಿಮುಟ್ಟು. ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತ ಪಕ್ಕದಲ್ಲಿರಬೇಕು. ಆರು ವರ್ಷದಿಂದ ಅದು ಅಕ್ಕನದೇ, ಏಕೆಂದರೆ ಉಳಿದವರು ಸೂಜಿ ಕಂಡರೆ ಮಾರು ದೂರ ಹಾರುತ್ತಿದ್ದರು. 'ನಮ್ಮ ಅಳತೆಗೋಲು' ಎಂದು ರೇಗಿಸಿದರೆ ಅವಳಿಗೆ ಒಳಗೊಳಗೇ ಹೆಮ್ಮೆ. ದಿನಾ ಮೆಟ್ಟಿಲ ನಡುವೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಕೂರುತ್ತಿದ್ದುದನ್ನು ಮಾತ್ರ ವಯಸ್ಸಿನ ತಲೆಗೆ ಕಟ್ಟಿದ್ದಳು.

ಇವತ್ತು ಅವಳಿಗೆ ನೆಗಡಿ. ನೆಗಡಿಯವರ ರಕ್ತ ಹೋಲಿಕೆಗೆ ಆಗದು. "ಅಯ್ಯಯ್ಯೋ, ಮೆಲ್ಲಗೆ ಕಣಕ್ಕಾ!" ಎನ್ನುತ್ತ ಜೊತೆಗೆ ಕೆಲಸ ಮಾಡುವ ದಢೂತಿ ಆಸಾಮಿ ತೋಳು ಕೊಟ್ಟ.

ಅವನ ಗೆರೆ ಕಡಿದಾಗಿ ಇಳಿಯಿತು. ಹುಡುಗಿಯದು ಅದರ ಅರ್ಧದಷ್ಟೂ ಇಳಿಯಲಿಲ್ಲ. ಅಕ್ಕ ಹಳೆಯ ವರದಿ ತೆಗೆದಳು. ಅದರಲ್ಲಿ ಹುಡುಗಿಯ ಗೆರೆ ಇವತ್ತಿನಂತೆಯೇ ಇತ್ತು. ಅದಕ್ಕೆ ಅಂಟಿಕೊಂಡೇ, ಅಷ್ಟೇ ನಿಧಾನವಾಗಿ, ಅಕ್ಕನ ಗೆರೆಯೂ ಇಳಿದಿತ್ತು. ಆಫೀಸಿನ ಇನ್ನಿಬ್ಬರನ್ನು ಹಿಡಿದು ತಂದು ರಕ್ತ ತೆಗೆದಳು. ಅವರವೂ ಕಡಿದಾಗಿಯೇ ಇಳಿದವು.

"ಹುಡುಗಿ ಹೋದ ಸಲಾನೂ ಹೀಗೇ ಇದ್ಲು ಕಣೋ. ನನ್ನ ಗೆರೆ ಪಕ್ಕ ಇಟ್ಟು ನೋಡಿದ್ವಿ, ಅದಕ್ಕೇ ಸರಿ ಅನ್ನಿಸ್ತು."

"ಬಿಡಕ್ಕಾ, ನಿನ್ನ ನೆಗಡಿ ಹೋಗ್ಲಿ, ಆಮೇಲೆ ನೋಡೋಣ. ಇಲ್ಲದ ತಲೆನೋವು ಯಾಕೆ ಮೈಮೇಲೆ ಎಳ್ಕೋತೀಯಾ?"

ಅಕ್ಕನಿಗೆ ಭಯವಾಯಿತು. ತನ್ನ ಬಗ್ಗೆ ಒಂದು ಪಾಲು. 'ಸರಿಯಿದೆ' ಎಂದು ಮನೆಗೆ ಕಳಿಸಿದವರ ಬಗ್ಗೆ ಮೂರು ಪಾಲು. ಮೊದಲ ವರದಿ ತಪ್ಪು, ಆರು ವರ್ಷದ ವರದಿಗಳನ್ನೆಲ್ಲ ಮತ್ತೆ ನೋಡಬೇಕು ಎಂದು ಬರೆದು ಸಹಿ ಹಾಕಿದಳು.

ಕಾಗದ ಹಿಡಿದು ಹೊರಗೆ ಬಂದರೆ, ಊಟಕ್ಕೆ ಹೋಗಿದ್ದ ತಾಯಿ-ಮಗಳು ಮೆಟ್ಟಿಲು ಹತ್ತಿ ವಾಪಸು ಬರುತ್ತಿದ್ದರು. ಹುಡುಗಿ ಮೆಟ್ಟಿಲ ನಡುವೆ ಕೂತುಬಿಟ್ಟಿದ್ದಳು.

"ನೋಡಿ, ಶುರುವಾಯ್ತು ಇವಳ ನಾಟಕ!"

"ಬೈಬೇಡಿ ಅಮ್ಮಾ. ತಪ್ಪು ನಮ್ದು. ಇವಳಿಗೆ ನಿಜವಾಗ್ಲೂ ಆಗಲ್ಲ."

ಅಕ್ಕ ಮೆಟ್ಟಿಲಿಳಿದು ಹುಡುಗಿಯ ಹತ್ತಿರ ಬಂದಳು. ಕೂರಲು ಈ ಸಲ ಚಪ್ಪಲಿಯ ನೆಪ ಹುಡುಕಲಿಲ್ಲ.

ಹುಡುಗಿ ಒಂದಿಷ್ಟು ಸರಿದು ಜಾಗ ಬಿಟ್ಟಳು.