ಗಿರಣಿ ನಿಂತಾಗ ಆಡಿದ ಮಾತು

ಹಿಟ್ಟಿನ ಗಿರಣಿಯವರ ಮನೆಯಲ್ಲಿ ಮಾತು ಕಡಿಮೆ, ಸನ್ನೆ ಹೆಚ್ಚು. ಬೆಳಗಾದರೆ ಸಾಕು, ಗಡಗಡ ಸದ್ದು ಶುರು. ಆ ಸದ್ದಿನಲ್ಲಿ ಯಾರು ಗಂಟಲು ಹರಿದುಕೊಳ್ಳುತ್ತಾರೆ? ಹಿಟ್ಟು ನುಣ್ಣಗೆ ಬೇಕಾದರೆ ಬೆರಳು ಉಜ್ಜಿ ತೋರಿಸುವುದು, ಊಟಕ್ಕೆ ಕರೆಯಬೇಕಾದರೆ ಕೈ ಬಾಯಿಗೆ ಒಯ್ಯುವುದು, ಒಪ್ಪಿಗೆಯಾದರೆ ತಲೆಯಾಡಿಸುವುದು. "ಇವರ ಮನೆ ಜಗಳನೂ ಸನ್ನೆಯಲ್ಲೇ ಮುಗಿಯುತ್ತೆ, ಪುಣ್ಯವಂತರು" ಎಂದು ಬೀದಿಯವರು ನಗುತ್ತಿದ್ದರು. ಆದರೆ ಒಂದು ದಿನ ಒಂದು ಜೀವದ ಪ್ರಶ್ನೆಯನ್ನೂ ಮನೆಯವರು ಹಾಗೇ ಮುಗಿಸಿಬಿಟ್ಟರು.

ಮನೆಯ ಮಗನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ ಮೇಲೆ ದಿನ ದೂಡುತ್ತಿದ್ದ. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಒಳ್ಳೆಯದು ಎಂದರು ಡಾಕ್ಟರು. ಅಪ್ಪ ಇಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವಳದು ಆಗದು. ಉಳಿದವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳೊಂದಿಗೆ ತವರಿಗೆ ಬಂದು, ಗಿರಣಿಯನ್ನು ಹೆಗಲಿಗೆ ಹಾಕಿಕೊಂಡವಳು. ಅವಳು ಗೋಧಿ ಸುರಿಯುತ್ತಿದ್ದಾಗ ಅಮ್ಮ ಬಂದು, ಮಗ ಮಲಗಿದ್ದ ಕೋಣೆಯ ಕಡೆ ಕೈ ತೋರಿದಳು, ಮಗಳ ಸೊಂಟ ಮುಟ್ಟಿದಳು, ಕೈ ಮುಗಿದಳು. ಅಕ್ಕ ತಲೆಯಾಡಿಸಿದಳು. ಅಲ್ಲಿಗೆ ತೀರ್ಮಾನವಾಯಿತು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. 'ನನಗೇನಾದರೂ ಆದರೆ ಈ ಮಗುವಿಗೆ ಯಾರು?' ಎಂಬ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತಿತ್ತು. ತಮ್ಮನ ಊದಿದ ಕಾಲು ಕಂಡರೆ, ಹಾಗೆ ಯೋಚಿಸಿದ್ದಕ್ಕೇ ನಾಚಿಕೆ.

ಹಿಂದಿನ ಬೀದಿಯ ನರ್ಸಕ್ಕ ಒಂದು ದಿನ ಜೋಳ ಬೀಸಿಸಲು ಬಂದಳು. ಅಕ್ಕ ಆ ಜೋಳದ ಮೇಲೆ ಇನ್ಯಾರದೋ ಗೋಧಿ ಸುರಿದಳು. ನರ್ಸಕ್ಕ ಅವಳ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ಎಷ್ಟು ಹುಷಾರಾದವಳು ನೀನು! ಏನಾಗಿದೆ ಹೇಳು."

ಅಕ್ಕ ಅತ್ತುಬಿಟ್ಟಳು. ಎಲ್ಲವನ್ನೂ ಹೇಳಿದಳು.

"ಕೊಡು ಅಂತ ನಾನು ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನಮ್ಮ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿ ಒಬ್ಬರಿದ್ದಾರೆ. ಇಂಥ ಕಷ್ಟದ ತೀರ್ಮಾನ ಎದುರಿಗಿದ್ದಾಗ ಜೊತೆಗೆ ಕೂತು ಮಾತಾಡೋದೇ ಅವರ ಕೆಲಸ. ನಿನ್ನೊಬ್ಬಳನ್ನೇ ಕೂರಿಸಿ ಕೇಳ್ತಾರೆ. ನೀನು ಹೇಳಿದ್ದನ್ನ ಮನೆಯವರ ಕಿವಿಗೆ ಹಾಕಲ್ಲ."

ಹಿಂದೆಯೇ ಬಂದಿದ್ದ ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಮನೆ ಮಾತು ಹೊರಗಿನವರ ಮುಂದೆ ಯಾಕೆ? ಅವರೇನು ಬಂದು ನಮ್ಮ ಸಂಸಾರ ಮಾಡ್ತಾರಾ? ಇವಳ ತಲೆ ಕೆಡಿಸಿ ಕಳಿಸ್ತಾರೆ ಅಷ್ಟೆ. ಇವಳು ಆಗಲೇ ಒಪ್ಪಿದ್ದಾಳೆ."

"ಮನಸಾರೆ ಒಪ್ಪಿದ್ರೆ, ಹೋಗಿ ಬಂದ ಮೇಲೂ ಒಪ್ಪಿಕೊಂಡೇ ಇರ್ತಾಳಲ್ವಾ ಅಮ್ಮ?"

ಅಮ್ಮ ಸೆರಗು ಕೊಡವಿ ಒಳಗೆ ಹೋದಳು.

ಆದರೂ ಅಕ್ಕ ಆಸ್ಪತ್ರೆಗೆ ಹೋದಳು. ಸಮಾಲೋಚಕಿಯ ಕೋಣೆಯಲ್ಲಿ ಇದ್ದದ್ದು ಎರಡು ಕುರ್ಚಿ, ಒಂದು ನೀರಿನ ಜಗ್. ಆಕೆ ಬುದ್ಧಿವಾದ ಹೇಳಲಿಲ್ಲ. "ನಿಮಗೆ ಯಾವುದಕ್ಕೆ ಭಯ?" ಎಂದು ಕೇಳಿ ಸುಮ್ಮನೆ ಕೂತರು. ತನ್ನ ಉತ್ತರಕ್ಕಾಗಿ ಯಾರೋ ಕಾಯುತ್ತಿದ್ದಾರೆ ಎನ್ನುವುದೇ ಅಕ್ಕನಿಗೆ ಹೊಸದು. ಆಪರೇಷನ್ನಿನ ಪ್ರಶ್ನೆಗಳಿಗೆ ಆಕೆಯೇ ಡಾಕ್ಟರ ಬಳಿ ಕರೆದೊಯ್ದರು. ಕೊನೆಯ ಗಳಿಗೆಯಲ್ಲೂ ಬೇಡ ಎನ್ನಬಹುದು ಎಂದರು. ಅಕ್ಕ ಮತ್ತೊಮ್ಮೆ ಹೋದಳು, ಮಗದೊಮ್ಮೆ ಹೋದಳು. ತನ್ನ ಮನಸ್ಸು ಏನೆಂದು ಅವಳಿಗೇ ನಿಧಾನವಾಗಿ ತಿಳಿಯಿತು. ಅದನ್ನು ಮನೆಯಲ್ಲಿ ಹೇಗೆ ಹೇಳುವುದು ಎಂಬುದನ್ನೂ ಅಲ್ಲೇ ಕೂತು ಯೋಚಿಸಿದಳು.

ಮನೆಗೆ ಬಂದವಳೇ ಗಿರಣಿಯ ಸ್ವಿಚ್ ಆರಿಸಿದಳು. ಬೆಲ್ಟು ನಿಧಾನವಾಯಿತು, ನಿಂತಿತು. ಸದ್ದಡಗಿದ್ದಕ್ಕೆ ಗಾಬರಿಯಾಗಿ ತಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದ.

"ಅಮ್ಮಾ, ನನ್ನಿಂದ ಆಗಲ್ಲ. ನನ್ನ ಮಗಳಿಗೆ ಇರೋದು ನಾನೊಬ್ಬಳೇ. ಇವನ ಕೈ ಮಾತ್ರ ನಾನು ಬಿಡಲ್ಲ."

ಅಮ್ಮನ ಮುಖ ಬಿಳಿಚಿಕೊಂಡಿತು. ಮೊದಲು ಬಾಯಿ ಬಿಟ್ಟವನು ತಮ್ಮ.

"ಅಕ್ಕ, ನಿನಗೇನಾದ್ರೂ ಆದ್ರೆ ಆ ಮಗು ಮುಖ ಹೇಗೆ ನೋಡ್ಲಿ ಅಂತ ನನಗೆ ನಿದ್ದೆನೇ ಇರಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ."

ಅಮ್ಮ ಸ್ವಿಚ್ಚಿನ ಕಡೆ ಕೈ ಚಾಚಿದಳು. ಆ ಸದ್ದೊಂದು ಶುರುವಾದರೆ ಇದನ್ನೆಲ್ಲ ಕೇಳಬೇಕಾಗುತ್ತಿರಲಿಲ್ಲ. ಆದರೆ ಕೈ ಅರ್ಧಕ್ಕೇ ನಿಂತಿತು. ಹಿಟ್ಟು ಮೆತ್ತಿದ ನೆಲದ ಮೇಲೆಯೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಮಗನ ಕಾಯಿಲೆ ಗೊತ್ತಾದ ದಿನದಿಂದ ಅವಳು ಯಾರೆದುರೂ ಅತ್ತಿರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಮಗಳನ್ನು ಕೇಳಿದಳು:

"ಆ ಮೇಡಂ... ನನ್ನ ಹತ್ರನೂ ಮಾತಾಡ್ತಾರಾ?"

ಮಗನ ಹೆಸರು ಈಗ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿದೆ. ಡಯಾಲಿಸಿಸ್‌ಗೆ ಅಕ್ಕನೇ ಕರೆದುಕೊಂಡು ಹೋಗುತ್ತಾಳೆ. ಕಷ್ಟ ತೀರಿಲ್ಲ, ಆದರೆ ಅದನ್ನು ಒಬ್ಬೊಬ್ಬರೇ ನುಂಗಿಕೊಳ್ಳುವುದು ತಪ್ಪಿದೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮದುವೆಯೋ, ಬೇರೆಯಾಗುವುದೋ, ಚಿಕಿತ್ಸೆಯೋ, ದೊಡ್ಡ ತೀರ್ಮಾನ ಎದುರಿಗಿದ್ದರೆ ಗಡಿಬಿಡಿಯಲ್ಲಿ ತಲೆಯಾಡಿಸಬೇಡಿ. ಆಸ್ಪತ್ರೆಯ ಆಪ್ತ ಸಮಾಲೋಚಕರನ್ನೋ, ನಂಬಿಕೆಯ ತಿಳಿದವರನ್ನೋ ಕಂಡು ಬಾಯಿಬಿಟ್ಟು ಮಾತಾಡಿ. ತೀರ್ಮಾನ ನಿಮ್ಮದೇ ಆಗಿರುತ್ತದೆ. ನಿಮ್ಮ ಮನೆಯಲ್ಲಿ ಇವತ್ತು ಯಾರಾದರೂ ಸುಮ್ಮನೆ ತಲೆಯಾಡಿಸಿದ್ದರೆ, ಕೈಯಲ್ಲಿರುವ ಕೆಲಸ ನಿಲ್ಲಿಸಿ, ಅವರ ಪಕ್ಕ ಕೂತು, ಇನ್ನೊಮ್ಮೆ ಕೇಳಿ.